ಒಂದು ಮಳೆ ಬಂದ್ರೆ ಎಲ್ಲ ಸರಿ ಆಗ್ತದಂತೆ!

ನಿನ್ನೆ ಚಾರ್ಮಾಡಿ ಘಾಟಿ ಹತ್ತುವಾಗ ಗುಡ್ಡದ ಒಂದು ಮಗ್ಗುಲು ಬೆಂಕಿಗೆ ಸುಟ್ಟು ಪೂರ್ತಿ ಕಪ್ಪಾಗಿತ್ತು. ಕಾರು ನಿಲ್ಲಿಸಿ ಇಳಿದೆ. ಕಳೆದ ಆಗಸ್ಟ್‌ನಲ್ಲಿ ಪಾಚಿ (ಮಾಸ್) ಹೊದ್ದು, ಕಾಲಿಟ್ಟರೆ ಹಾಸಿಗೆಯ ಹಾಗೆ ಮೆತ್ತಗೆ ತಗ್ಗುತ್ತಿದ್ದ ನೆಲ, ಈಗ ಬರೀ ಬೂದಿ. ಭಾವ ಕಾರಿನಿಂದಲೇ ಕೂಗಿದರು, "ಬಾ ಮಾರಾಯ್ತಿ, ದೋಸೆ ಖಾಲಿ ಆಗ್ತದೆ. ಒಂದು ಮಳೆ ಬಂದ್ರೆ ಎಲ್ಲ ಹಸಿರಾಗ್ತದೆ."

ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಹಸಿರಾಗುತ್ತದೆ, ಹೌದು. ಹುಲ್ಲು! ಅದರ ಬೇರು ಮಣ್ಣಿನೊಳಗೆ ಬದುಕಿರುತ್ತದೆ, ಚಿಗುರುತ್ತದೆ. ಪಾಚಿಗೆ ಬೇರೇ ಇಲ್ಲ ಭಾವ. ನೆಲಕ್ಕೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೇ. ಮೈಯಿಂದಲೇ ನೀರು ಕುಡಿಯುವ ಜೀವ ಅದು, ಇರುವುದೆಲ್ಲ ನೆಲದ ಮೇಲೆ, ಅಂದರೆ ಬೆಂಕಿ ಓಡುವ ದಾರಿಯಲ್ಲೇ.

ನಮ್ಮ ತಲೆ ಕೆಡಿಸಿದ್ದು ಮಂಗಳೂರಿನ ಕೆಂಪುಕಲ್ಲಿನ ಕಂಪೌಂಡು. ಮೇ ತಿಂಗಳಲ್ಲಿ ಕಂದು, ಜೂನ್‌ನಲ್ಲಿ ಹಸಿರು. ಆದರೆ ಆ ಪಾಚಿ ಸತ್ತಿರಲಿಲ್ಲ, ಒಣಗಿ ಮಲಗಿತ್ತು. ಚಿಕ್ಕವಳಿದ್ದಾಗ ಪಕ್ಕದ ಮನೆಯ ಕ್ರಿಸ್ಮಸ್ ಗೋದಲಿಗೆ ಅಂತ ನಾನೂ ಗೋಡೆಯಿಂದ ಚಾಪೆ ಚಾಪೆಯಾಗಿ ಕಿತ್ತವಳೇ (ಬೈಯಬೇಡಿ). ಒಣಗಿದ್ದಕ್ಕೆ ನೀರು ಚಿಮುಕಿಸಿದರೆ ನೋಡ್ತಾ ನೋಡ್ತಾ ಅರಳುತ್ತಿತ್ತು. ಸುಟ್ಟದ್ದಕ್ಕೆ ಎಷ್ಟು ಕೊಡಪಾನ ಸುರಿದರೂ ಅರಳುವುದಿಲ್ಲ. ಪಾಚಿ ಗರಿಗರಿಯಾಗಿ ಒಣಗಿ ಕೂತಿರುವ ಫೆಬ್ರವರಿ, ಮಾರ್ಚ್‌ನಲ್ಲೇ ಬೆಂಕಿ ಬೀಳುವುದು. ಆಗ ಪಾಚಿಯೇ ಸೌದೆ.

ಕಲ್ಲುಹೂವಿನದ್ದು ಇನ್ನೂ ಕಷ್ಟ. ಅದೇ, ಮಸಾಲೆಗೆ ಹಾಕುತ್ತೇವಲ್ಲ, ಅದರ ಬಳಗ. ಶಿಲೀಂಧ್ರವೂ ಆಲ್ಗೆಯೂ ಕೂಡಿ ನಡೆಸುವ ಸಂಸಾರ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಕೆನಡಾದಲ್ಲಿ ಕ್ಯಾರಿಬೂ ಎಂಬ ಜಿಂಕೆಗಳು ಚಳಿಗಾಲದಲ್ಲಿ ತಿನ್ನುವ ನೆಲದ ಕಲ್ಲುಹೂವು ಕಾಳ್ಗಿಚ್ಚಿನ ನಂತರ ಮತ್ತೆ ದಟ್ಟವಾಗಲು ಹಲವು ದಶಕ ಬೇಕು. ಇಲ್ಲಿ ಭಾವನಿಗೆ ಒಂದು ಮಳೆ ಸಾಕಂತೆ!

"ಸುಟ್ಟ ನೆಲದಲ್ಲೂ ಪಾಚಿ ಬರುತ್ತದಲ್ಲ" ಅಂತ ಬಾಟನಿ ಓದಿದವರು ಕಮೆಂಟ್ ಹಾಕುತ್ತೀರಿ, ಗೊತ್ತು. ಬರುತ್ತದೆ, ಫ್ಯುನೇರಿಯಾ ಅನ್ನುವ ಬೇರೆ ಜಾತಿಯ ಪಾಚಿ ಬರುತ್ತದೆ. ಬೂದಿ ಕಂಡರೆ ಅದಕ್ಕೆ ಹಬ್ಬ. ಮನೆ ಸುಟ್ಟವರ ಅಂಗಳದಲ್ಲಿ ಯಾರೋ ಟೆಂಟ್ ಹಾಕಿದರೆ ಮನೆಯವರು ವಾಪಸ್ ಬಂದ ಹಾಗಾಯ್ತಾ?

ಆ ಮೆತ್ತೆಯಿಲ್ಲದ ಬರಿ ಮಣ್ಣಿನ ಮೇಲೆ ಜೂನ್ ಮಳೆ ಹೊಡೆದರೆ ಬೂದಿ, ಮಣ್ಣು ಎಲ್ಲ ಮೃತ್ಯುಂಜಯ ಹೊಳೆಗೆ, ಅಲ್ಲಿಂದ ನೇತ್ರಾವತಿಗೆ. ಆ ಹೊಳೆಯ ತುಂಬೆ ಅಣೆಕಟ್ಟಿನ ನೀರು ಕುಡಿಯುವವರು ಮಂಗಳೂರಿನ ನಾವೇ ಅಲ್ವಾ?

ಘಾಟಿಯ ಮೇಲಿನ ಕೊಟ್ಟಿಗೆಹಾರ ಬರುವವರೆಗೂ ನಾನು ಭಾವನ ಜೊತೆ ಮಾತಾಡಲಿಲ್ಲ. ನೀರು ದೋಸೆ ಮಾತ್ರ ಐದು ತಿಂದೆ. ಸಿಟ್ಟು ಬಂದರೆ ನನಗೆ ಹಸಿವು ಜಾಸ್ತಿ.