ಪ್ಲೇಟು ಹೊಸತು, ಪಾಲು ಯಾರಿಗೆ?

"ರಾಡ್ರಿಗಸ್ಸಾ? ನಮ್ಮ ಮಂಗಳೂರಿನವನಾ?" ಹಳೆ ಹಾಡುಗಳ ಹೊಸ ಅಚ್ಚಿನ ಗ್ರಾಮಫೋನ್ ಪ್ಲೇಟು (ವಿನೈಲ್ ರೆಕಾರ್ಡ್) ತಂದು ತೋರಿಸಿದಾಗ ಮಾವ ಮೊದಲು ಕೇಳಿದ್ದು ಇದು. ಎರಡನೆಯದು, "ಒಂದು ಪ್ಲೇಟಿಗೆ ಮೂರು ಸಾವಿರವಾ ಮಾರಾಯ?"

ಮಂಗಳೂರಿನವನಲ್ಲ, ಅಮೆರಿಕದ ಡೆಟ್ರಾಯಿಟಿನವನು. ಮೆಕ್ಸಿಕೋ ಮೂಲದ ಕಾರ್ಮಿಕರ ಮನೆಯ ಹುಡುಗ, ಸಿಕ್ಸ್ಟೋ ರಾಡ್ರಿಗಸ್. 1970ರಲ್ಲಿ 'ಕೋಲ್ಡ್ ಫ್ಯಾಕ್ಟ್' ಅನ್ನುವ ರಾಕ್ ಆಲ್ಬಂ ಮಾಡಿದ. ಮರುವರ್ಷ ಇನ್ನೊಂದು. ಎರಡೂ ಅಲ್ಲಿ ಮಕಾಡೆ ಮಲಗಿದವು. ಹಳೆ ಮನೆ ಕೆಡವುವ ಕೂಲಿಗೆ ಹೋದ. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅವೇ ಹಾಡು ಹುಡುಗರ ಬಾಯಲ್ಲಿ! ಒಂದು ಹಾಡಂತೂ ರೇಡಿಯೊದಲ್ಲಿ ಬರಲೇಬಾರದು ಅಂತ ಸರ್ಕಾರದವರು ಪ್ಲೇಟನ್ನೇ ಕೆರೆದಿಟ್ಟಿದ್ದರು. ಕೇಳುವವರು ಆತ ಎಂದೋ ಸತ್ತ ಅಂದುಕೊಂಡಿದ್ದರು. ಅಲ್ಲಿ ತನಗೆ ಇಷ್ಟು ಹೆಸರಿದೆ ಅಂತ ಅವನಿಗೆ ಗೊತ್ತಾಗುವಷ್ಟರಲ್ಲಿ 1990ರ ದಶಕ ಮುಗಿಯುತ್ತ ಬಂದಿತ್ತು. ಆ ಮಾರಾಟದ ದುಡ್ಡು ಮಾತ್ರ ಅವನ ಕೈಗೆ ಬಂದಿರಲಿಲ್ಲ.

ಇದನ್ನೆಲ್ಲ ಮುಂಬೈಯ ಮಾಟುಂಗಾದ ಮನೆಯಲ್ಲಿ ಮಾವನಿಗೆ ಹೇಳಿದೆ. ಮಾವ ಕುಂದಾಪುರದಿಂದ ಹುಡುಗನಾಗಿ ಬಂದು ಫೋರ್ಟಿನ ಹೋಟೆಲಲ್ಲಿ ಗ್ಲಾಸು ತೊಳೆದವರು, ರಾತ್ರಿ ಶಾಲೆಯಲ್ಲಿ ಓದಿ ಆಮೇಲೆ ಗಲ್ಲೆಯಲ್ಲಿ ಕೂತವರು. ರಜೆ ಸಿಕ್ಕಿದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ ಹಳೆ ಪ್ಲೇಟು ಹೆಕ್ಕುತ್ತಿದ್ದರು. ಅದಕ್ಕೇ ಅವರ ಮುಂದೆ ನನ್ನ ಜಂಬ ನಡೆಯುವುದಿಲ್ಲ.

"180 ಗ್ರಾಂ ಮಾವ, ದಪ್ಪ ಪ್ಲೇಟು" ಅಂದೆ.

"ತಟ್ಟೆ ದಪ್ಪ ಇದ್ರೆ ದೋಸೆ ರುಚಿ ಆಗ್ತದಾ?"

ಸರಿಯಾದ ಮಾತೇ. ತೂಕಕ್ಕೂ ನಾದಕ್ಕೂ ಅಂಥ ನಂಟಿಲ್ಲ. ಮೂಲ ಟೇಪು ಯಾವುದು, ಅದನ್ನು ಪ್ಲೇಟಿಗೆ ಇಳಿಸಿದವರ ಕೈ ಎಂಥದ್ದು, ಇವೇ ಮುಖ್ಯ. ಪ್ಲೇಟು ಎಷ್ಟೇ ದಪ್ಪ ಇರಲಿ, ಸಾಮಾನ್ಯವಾಗಿ ತಿರುಗುವುದು ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು. ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಸೂಜಿಯ ಕೆಳಗೆ ಗೀರು ನಿಧಾನವಾಗಿ ಸರಿಯುತ್ತದೆ. ಪ್ಲೇಟಿನ ಒಂದೊಂದು ಬದಿಯ ಕೊನೆಯ ಹಾಡು ಸ್ವಲ್ಪ ಒಡೆದ ಹಾಗೆ ಕೇಳಿಸುವುದು ಅದಕ್ಕೇ. ಅಂಗಡಿಯವರು ಇದನ್ನೆಲ್ಲ ಹೇಳುವುದಿಲ್ಲ, ತೂಕ ಬರೆದ ಸ್ಟಿಕರ್ ತೋರಿಸುತ್ತಾರೆ. ನಾನೂ ಸುಮ್ನೆ ಸ್ಟಿಕರ್ ನೋಡಿಯೇ ಎಷ್ಟೋ ಸಲ ದುಡ್ಡು ಬಿಚ್ಚಿದ್ದೇನೆ ಅನ್ನಿ.

ನನ್ನ ತಕರಾರು ಬೆಲೆಯ ಬಗ್ಗೆ ಅಲ್ಲ. ಮರೆತುಹೋದವನ ಹಾಡನ್ನು ಮತ್ತೆ ಅಚ್ಚು ಹಾಕುವವರು ತೂಕ ಬರೆಯುತ್ತಾರೆ, ಬಣ್ಣ ಬರೆಯುತ್ತಾರೆ. ಹಾಡಿದವನಿಗೆ ಪಾಲು ಹೋಗುತ್ತದಾ ಅಂತಲೂ ಒಂದು ಸಾಲು ಬರೆಯಲಿ. ಆಗದ ಕೆಲಸ ಏನಲ್ಲ. 2008ರಲ್ಲಿ 'ಕೋಲ್ಡ್ ಫ್ಯಾಕ್ಟ್' ಮತ್ತೆ ತಂದದ್ದು ಸಿಯಾಟಲ್‌ನ ಲೈಟ್ ಇನ್ ದಿ ಆಟಿಕ್ ಅನ್ನುವ ರೆಕಾರ್ಡ್ ಕಂಪನಿ. 2012ರಲ್ಲಿ ಅವನ ಬಗ್ಗೆ ಸಾಕ್ಷ್ಯಚಿತ್ರ ಬಂತು, ಅದಕ್ಕೆ ಆಸ್ಕರ್ ಕೂಡ ಸಿಕ್ಕಿತು. ಆ ಚಿತ್ರದ ಹಾಡುಗಳ ಆಲ್ಬಮಿನ ಮೇಲೆ, ಈ ಮಾರಾಟದ ರಾಯಲ್ಟಿ ರಾಡ್ರಿಗಸ್‌ಗೆ ಸಲ್ಲುತ್ತದೆ ಅಂತ ಅಚ್ಚಾಗಿತ್ತು. ಅಷ್ಟೇ ಸಾಕಲ್ವಾ? ಆತ 2023ರ ಆಗಸ್ಟಿನಲ್ಲಿ, 81ನೇ ವಯಸ್ಸಲ್ಲಿ ತೀರಿಕೊಂಡ.

ಕೇಳಿ ಮುಗಿದ ಮೇಲೆ ಮಾವ ಕಪಾಟಿನಿಂದ ಚೋರ್ ಬಜಾರಿನ ಒಂದು ಕನ್ನಡ ಪ್ಲೇಟು ತೆಗೆದರು. ಕವರ್ ಇಲ್ಲ. ನಡುವಿನ ಕಾಗದ ಅರ್ಧ ಕಿತ್ತು ಹೋಗಿದೆ. ಗಂಡು ದನಿ, ಭಾವಗೀತೆ. ಹಾಡಿದವರು ಯಾರು ಅಂತ ನಲವತ್ತು ವರ್ಷದಿಂದ ಅವರಿಗೂ ಗೊತ್ತಿಲ್ಲವಂತೆ. ಮೊದಲ ಎರಡು ಸಾಲು ರೆಕಾರ್ಡ್ ಮಾಡಿ ಕಮೆಂಟಿನಲ್ಲಿ ಹಾಕಿದ್ದೇನೆ. ದನಿ ಗುರುತು ಸಿಕ್ಕಿದವರು ದಯವಿಟ್ಟು ಹೇಳಿ.