ಪ್ರಭಾರ ಫೋಲ್ಡರಿನ ಪ್ರಕರಣ

1996ರ ಡಿಸೆಂಬರಿನಲ್ಲಿ ನಮ್ಮ ಮನೆಯ ಎರಡು ಹೆಸರುಗಳು ಎರಡು ಪಟ್ಟಿಗಳಿಂದ ಬಿಟ್ಟುಹೋದವು. ಒಂದು ಅಪ್ಪನದು, ಬ್ಯಾಂಕಿನ ಪಿಂಚಣಿ ರಿಜಿಸ್ಟರಿನಿಂದ. ಇನ್ನೊಂದು ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನದು. ಅಪ್ಪನ ಹೆಸರನ್ನು ಬಿಟ್ಟವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಫೋಲ್ಡರಿನದನ್ನು ಹೊಡೆದುಹಾಕಿದವನು ನಾನೇ.

ಅಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ನವೆಂಬರ್ ಬಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾವು ಬದುಕಿದ್ದೇವೆಂದು ಬರೆದುಕೊಟ್ಟು ಬರಲು ಬ್ಯಾಂಕಿಗೆ ಹೋಗುತ್ತಿದ್ದರು. ಆ ವರ್ಷವೂ ಹೋಗಿದ್ದರು. ಆದರೆ ಮುಂದಿನ ತಿಂಗಳ ಪಿಂಚಣಿ ಬರಲಿಲ್ಲ. ವಿಚಾರಿಸಲು ಹೋದರೆ ಕೌಂಟರಿನಲ್ಲಿದ್ದವರು ರಿಜಿಸ್ಟರಿನ ಹಾಳೆ ತಿರುವಿ, "ಜೀವಿತ ಪ್ರಮಾಣ ಪತ್ರ ಬಂದಿಲ್ಲ ಸಾರ್" ಎಂದರು.

"ಪತ್ರ ಹಾಗಿರಲಿ, ನಾನೇ ಬಂದಿದ್ದೇನಲ್ಲ?"

"ನೀವು ಬಂದಿದ್ದೀರಿ ಸಾರ್. ರಿಜಿಸ್ಟರಿನಲ್ಲಿ ಬಂದಿಲ್ಲ."

ಅಪ್ಪ ಮನೆಗೆ ಬಂದವರೇ ಕೋಟನ್ನೂ ಬಿಚ್ಚದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಆ ಯಂತ್ರದಲ್ಲಿ ಮ್ಯಾನೇಜರಿಗೆ ಒಂದು ಕಾಗದ ಬರೆಯಬಹುದೇನೋ?" ಎಂದು ಕೇಳಿದರು. ಅಲ್ಲಿಯವರೆಗೆ ಆ ಯಂತ್ರವನ್ನು ಅವರು ಕರೆಯುತ್ತಿದ್ದುದು 'ನಿನ್ನ ಆರು ತಿಂಗಳ ಸಂಬಳ' ಎಂದು.

ಅದರೊಳಗಿದ್ದದ್ದು ಓಎಸ್/2 ವಾರ್ಪ್. ಊರೆಲ್ಲ ವಿಂಡೋಸ್ 95 ಎಂದು ಕುಣಿಯುತ್ತಿದ್ದಾಗ ನಾನು ಮಾತ್ರ ಐಬಿಎಂನವರ ಈ ಕಾರ್ಯಾಚರಣ ವ್ಯವಸ್ಥೆಗೆ (ಆಪರೇಟಿಂಗ್ ಸಿಸ್ಟಂ) ಮನಸೋತು, ಇಪ್ಪತ್ತಕ್ಕೂ ಹೆಚ್ಚು ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತುರುಕಿ ಅದನ್ನು ಪ್ರತಿಷ್ಠಾಪಿಸಿದ್ದೆ. ಅಮ್ಮ ಆ ಸಂಜೆ ಎರಡು ಸಲ ಕಾಫಿ ತಂದಿಟ್ಟು, ಮೂರನೆಯ ಸಲ, "ಇನ್ನೂ ಎಷ್ಟು ತಿನ್ನುತ್ತದೆ ಅದು?" ಎಂದು ಕೇಳಿದ್ದಳು.

ಅದರ ಡೆಸ್ಕ್‌ಟಾಪಿನ ಹೆಸರು ವರ್ಕ್‌ಪ್ಲೇಸ್ ಶೆಲ್. 1992ರ 2.0 ಆವೃತ್ತಿಯಲ್ಲಿ ಅದು ಬಂದಾಗಿನಿಂದ ಅದರ ಸಿದ್ಧಾಂತ ಒಂದೇ: ಪರದೆಯ ಮೇಲೆ ಕಾಣುವುದೆಲ್ಲವೂ ಒಂದೊಂದು ವಸ್ತು, ಪ್ರತಿ ವಸ್ತುವಿಗೂ ಅದು ಯಾವ ಬಗೆಯದೆಂದು ಹೇಳುವ ಒಂದು ವರ್ಗ. ಫೋಲ್ಡರ್ ಒಂದು ವಸ್ತು, ಪ್ರಿಂಟರ್ ಒಂದು ವಸ್ತು, ಕಾಗದ ಚೂರು ಮಾಡುವ ಶ್ರೆಡರ್ ಕೂಡ ಒಂದು ವಸ್ತು. ಹೊಸ ಕಡತ ಬೇಕೆಂದರೆ ಟೆಂಪ್ಲೇಟಿನಿಂದ ಒಂದು ಹಾಳೆಯನ್ನು ರಸೀದಿ ಪುಸ್ತಕದಿಂದ ಹರಿದ ಹಾಗೆ ಹರಿದುಕೊಳ್ಳಬೇಕು. ಎಳೆಯುವುದು ಮೌಸಿನ ಬಲಗುಂಡಿಯಿಂದ. ಅಪ್ಪನಿಗೆ ಈ ಬಲಗುಂಡಿ ಒಗ್ಗಲೇ ಇಲ್ಲ. ಎಡಗುಂಡಿ ಒತ್ತಿ ಮೌಸನ್ನು ಮೇಜಿನ ಅಂಚಿನವರೆಗೂ ಎಳೆದುಕೊಂಡು ಹೋಗಿ, ತಲೆಯೆತ್ತಿ ನೋಡಿದರೆ ಕಾಗದ ಇದ್ದಲ್ಲೇ ಇರುತ್ತಿತ್ತು. "ಇದೂ ಬ್ಯಾಂಕಿನ ಥರವೇ ಇದೆಯಲ್ಲಪ್ಪ" ಎನ್ನುತ್ತಿದ್ದರು.

ಮ್ಯಾನೇಜರಿಗೆ ಬರೆದ ಕಾಗದದ ನಾಲ್ಕು ಕರಡುಗಳು ತಯಾರಾದವು. ಮೊದಲನೆಯದರಲ್ಲಿ ವಿನಯವಿತ್ತು. ನಾಲ್ಕನೆಯದರಲ್ಲಿ ಅಪ್ಪನ ಇಂಗ್ಲಿಷ್ ವ್ಯಾಕರಣ ಮಾತ್ರ ಉಳಿದಿತ್ತು. ನಾಲ್ಕನ್ನೂ ಒಂದು ಫೋಲ್ಡರಿನಲ್ಲಿಟ್ಟು, ಮರುದಿನ ಮುದ್ರಿಸೋಣ ಎಂದೆ. ಅವತ್ತೇ ಮುದ್ರಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅದೇ ರಾತ್ರಿ ನನಗೆ ಮನೆ ಗುಡಿಸುವ ಹುಕಿ ಬಂತು. ಯಂತ್ರ ನಿಧಾನವಾಗಿತ್ತು. ಗೆಳೆಯನೊಬ್ಬ ಕೊಟ್ಟ ಫ್ಲಾಪಿಗಳಿಂದ ನಾನು ಚಂದದ ಗಡಿಯಾರ, ಚಂದದ ಕಸದ ಬುಟ್ಟಿ, 'ಸುಧಾರಿತ ಫೋಲ್ಡರ್' ಎಂದೆಲ್ಲ ಹಾಕಿಕೊಂಡಿದ್ದೆ. ಬಂದ ಪ್ರತಿಯೊಂದೂ ತನ್ನದೊಂದು ವರ್ಗವನ್ನು ನೋಂದಾಯಿಸಿ ಕೂತಿತ್ತು. ಓಎಸ್/2ನಲ್ಲಿ ವರ್ಗವೆಂದರೆ ಒಂದು ಹೆಸರು ಮತ್ತು ಅದನ್ನು ನಡೆಸುವ ಪ್ರೋಗ್ರಾಮಿರುವ ಡಿಎಲ್ಎಲ್ ಎಂಬ ಬಗೆಯ ಕಡತ. ಈ ಜೋಡಿ 'ಓಎಸ್2.ಐಎನ್ಐ' ಎಂಬ ಕಡತದಲ್ಲಿ ದಾಖಲಾಗಿರಬೇಕು. ದಾಖಲಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಿಎಲ್ಎಲ್ ಡಿಸ್ಕಿನಲ್ಲಿ ಗುಂಡುಕಲ್ಲಿನ ಹಾಗೆ ಬಿದ್ದಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಡೆಸ್ಕ್‌ಟಾಪ್ ಅದನ್ನು ಮಾತನಾಡಿಸುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ, ಡಿಎಲ್ಎಲ್ ಸತ್ತು ವರ್ಷವಾಗಿದ್ದರೂ ಅದರ ದಾರಿ ಕಾಯುತ್ತದೆ.

ಪಟ್ಟಿಯನ್ನು ನೋಡಲು ರೆಕ್ಸ್ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಸಾಕು. ರೆಕ್ಸಿಗೆ ಒಂದು ಮಡಿ ಇದೆ. ಕಡತದ ಮೊಟ್ಟಮೊದಲ ಸಾಲು ಟಿಪ್ಪಣಿಯೇ ಆಗಿರಬೇಕು, ಇಲ್ಲದಿದ್ದರೆ ಅದನ್ನು ರೆಕ್ಸ್ ಎಂದು ವ್ಯವಸ್ಥೆ ಒಪ್ಪುವುದಿಲ್ಲ. ಕಾಗದದ ತಲೆಯ ಮೇಲೆ 'ಶ್ರೀ' ಬರೆಯದೆ ಅಪ್ಪ ಮುಂದುವರಿಯುವುದಿಲ್ಲವಲ್ಲ, ಹಾಗೆಯೇ. ನಾನು ಶ್ರೀಕಾರ ಹಾಕಿ, ಸಿಸ್‌ಕ್ವೆರಿಕ್ಲಾಸ್‌ಲಿಸ್ಟ್ ಎಂಬ ಮಂತ್ರ ಹೇಳಿದೆ. ಪರದೆಯ ಮೇಲೆ ಹೆಸರುಗಳು ಸಾಲುಗಟ್ಟಿ ಓಡಿದವು. ಎಡಕ್ಕೆ ವರ್ಗ, ಬಲಕ್ಕೆ ಡಿಎಲ್ಎಲ್: ಡಬ್ಲ್ಯುಪಿಫೋಲ್ಡರ್, ಪಿಎಂಡಬ್ಲ್ಯುಪಿ. ಡಬ್ಲ್ಯುಪಿಶ್ರೆಡರ್, ಪಿಎಂಡಬ್ಲ್ಯುಪಿ. ಹೀಗೆ.

ಆ ಪಟ್ಟಿಗೆ ಗೋತ್ರಪ್ರವರವೂ ಇದೆ. ಎಲ್ಲಕ್ಕೂ ಮೂಲಪುರುಷ ಡಬ್ಲ್ಯುಪಿಆಬ್ಜೆಕ್ಟ್. ಅವನಿಗೆ ಮೂರು ಮಕ್ಕಳು. ಹಿರಿಯ ಡಬ್ಲ್ಯುಪಿಫೈಲ್‌ಸಿಸ್ಟಂ. ಇವನ ಸಂತಾನಕ್ಕೆ ಡಿಸ್ಕಿನ ಮೇಲೆ ದೇಹವಿದೆ: ಕಡತ, ಫೋಲ್ಡರ್, ಅಷ್ಟೇಕೆ, ಡೆಸ್ಕ್‌ಟಾಪ್ ಕೂಡ ಫೋಲ್ಡರಿನ ಮಗನೇ. ನಡುವಿನವನು ಡಬ್ಲ್ಯುಪಿಆಬ್‌ಸ್ಟ್ರಾಕ್ಟ್. ಇವನ ಮಕ್ಕಳಿಗೆ ದೇಹವಿಲ್ಲ, ಐಎನ್ಐ ಕಡತದಲ್ಲಿ ಒಂದು ಸಾಲಾಗಿ ಬದುಕುತ್ತಾರೆ. ಪ್ರೋಗ್ರಾಮಿನ ಚಿಹ್ನೆಗಳು, ಬೇರೆಡೆ ಇರುವ ವಸ್ತುವನ್ನು ತೋರಿಸುವ 'ನೆರಳು'ಗಳು ಈ ಪೈಕಿ. ಕಿರಿಯ ಡಬ್ಲ್ಯುಪಿಟ್ರಾನ್ಸಿಯೆಂಟ್. ಇವನ ಕಡೆಯವರು ಮದುವೆಮನೆಯ ನೆಂಟರು, ಯಂತ್ರ ಆರಿಸಿದರೆ ಅವರೂ ಇಲ್ಲ. ಈ ವಂಶವೃಕ್ಷವನ್ನು ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ವಿವರಿಸಲು ಹೋದೆ. ಅವರು ಎಲ್ಲವನ್ನೂ ಕೇಳಿ, "ನಮ್ಮ ಪಿಂಚಣಿದಾರರು ಯಾರ ಕಡೆಯವರು?" ಎಂದು ಕೇಳಿ ಮಲಗಲು ಹೋದರು.

ನನಗೆ ಬೇಡವಾದ ಹನ್ನೊಂದು ವರ್ಗಗಳನ್ನು ಗುರುತು ಹಾಕಿಕೊಂಡೆ. ಮೊದಲು ಅವುಗಳ ಡಿಎಲ್ಎಲ್ ಅಳಿಸಲು ನೋಡಿದರೆ, ಕಡತವನ್ನು ಬೇರೆ ಯಾರೋ ಬಳಸುತ್ತಿದ್ದಾರೆ ಎಂದು ವ್ಯವಸ್ಥೆ ಕೈತೊಳೆದುಕೊಂಡಿತು. ಬಳಸುತ್ತಿದ್ದದ್ದು ಡೆಸ್ಕ್‌ಟಾಪೇ. ಸರಿ, ಹೆಸರೇ ಹೊಡೆಯೋಣ ಎಂದು ನೋಂದಣಿ ರದ್ದು ಮಾಡುವ ಆಜ್ಞೆಗಳನ್ನು ಬರೆದೆ. ಒಂದೊಂದಕ್ಕೂ '1' ಎಂಬ ಉತ್ತರ ಬಂತು. ಒಂದು ಎಂದರೆ ಸೈ. ಹನ್ನೊಂದು ಸಲ ಸೈ.

ಆಶ್ಚರ್ಯವೆಂದರೆ ಏನೂ ಆಗಲಿಲ್ಲ. ಗಡಿಯಾರ ಓಡುತ್ತಿತ್ತು, ಫೋಲ್ಡರ್ ತೆರೆಯುತ್ತಿತ್ತು. ಶೆಲ್ ಆಗಲೇ ಎಲ್ಲರನ್ನೂ ನೆನಪಿನಲ್ಲಿ ಕೂರಿಸಿಕೊಂಡಿತ್ತಲ್ಲ. ಪಟ್ಟಿಯಿಂದ ಹೆಸರು ಹೋದ ಸುದ್ದಿ ಅದಕ್ಕೆ ಮುಟ್ಟುವುದು ಮತ್ತೆ ಎದ್ದು ಪಟ್ಟಿ ಓದಿದಾಗ. ವರ್ಗಾವಣೆಯ ಆದೇಶ ಅಂಚೆಯಲ್ಲಿರುವಾಗ ಗುಮಾಸ್ತ ಅದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಪೆನ್ಸಿಲ್ ಚೂಪು ಮಾಡುತ್ತಾ ಕೂತಿರುತ್ತಾನಲ್ಲ, ಹಾಗೆ. ನಾನು ಇದನ್ನು ನನ್ನ ಕೈಚಳಕವೆಂದು ತಿಳಿದೆ. ಹುಮ್ಮಸ್ಸಿನಲ್ಲಿ ಫ್ಲಾಪಿಯಿಂದ ಯಂತ್ರ ಎಬ್ಬಿಸಿ, ಎಫ್3 ಒತ್ತಿ, ಆಜ್ಞೆಯ ಕಪ್ಪು ಪರದೆಗೆ ಹೋಗಿ, ಡಿಎಲ್ಎಲ್ ಕಡತಗಳನ್ನೂ ಗುಡಿಸಿ ಹಾಕಿದೆ. ಈಗ ಕೇಳುವವರಿರಲಿಲ್ಲ.

ಫ್ಲಾಪಿ ತೆಗೆದು ಮತ್ತೆ ಚಾಲೂ ಮಾಡಿದರೆ, ಬೂದು ಬಣ್ಣದ ಬಯಲು. ಚಿಹ್ನೆಗಳಿಲ್ಲ, ಫೋಲ್ಡರುಗಳಿಲ್ಲ. ನಡುವೆ ಮೌಸಿನ ಬಾಣ ಮಾತ್ರ, ಅದೂ ಗಡಿಯಾರದ ಆಕಾರ ತಾಳಿ, 'ಕಾಯಿರಿ' ಎನ್ನುತ್ತಿತ್ತು. ಕಾದೆ. ಹಾಲಿನವನು ಬರುವವರೆಗೂ ಕಾದೆ.

ಬೆಳಿಗ್ಗೆ ಕರಡು ಓದಲೆಂದು ಅಪ್ಪ ಕನ್ನಡಕ ಒರೆಸುತ್ತಾ ಬಂದರು. ಅಷ್ಟು ಹೊತ್ತಿಗೆ ನನಗೆ ಕಾರಣ ಹೊಳೆದಿತ್ತು, ಧೈರ್ಯ ಮಾತ್ರ ಬಂದಿರಲಿಲ್ಲ. ಆ 'ಸುಧಾರಿತ ಫೋಲ್ಡರ್' ಸುಮ್ಮನೆ ನೋಂದಾಯಿಸಿಕೊಂಡದ್ದಲ್ಲ. ಮೂಲದ ಫೋಲ್ಡರ್ ವರ್ಗವನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ಕೂತಿತ್ತು. ವರ್ಕ್‌ಪ್ಲೇಸ್ ಶೆಲ್ಲಿನಲ್ಲಿ ನೋಂದಣಿ ಬೇರೆ, ಹೀಗೆ ಬದಲಿಯಾಗಿ ಕೂರಿಸುವುದು ಬೇರೆ. ಎರಡಕ್ಕೂ ಪ್ರತ್ಯೇಕ ಆಜ್ಞೆಗಳು. ನಾನು ನೋಂದಣಿ ರದ್ದು ಮಾಡಿದ್ದೆ, ಬದಲಿಯನ್ನು ರದ್ದು ಮಾಡಿರಲಿಲ್ಲ. ಫೋಲ್ಡರ್ ಬೇಕೆಂದು ಶೆಲ್ ಕೇಳಿದರೆ 'ಈಗ ಅವರಿಲ್ಲ, ಇವರನ್ನು ಕೇಳಿ' ಎಂಬ ಉತ್ತರ, ಇವರನ್ನು ಕೇಳಲು ಹೋದರೆ ಇವರೂ ಇಲ್ಲ. ಡೆಸ್ಕ್‌ಟಾಪ್ ತಾನೇ ಫೋಲ್ಡರಿನ ವಂಶದ್ದಾದ್ದರಿಂದ ಅದು ಹುಟ್ಟಲೇ ಇಲ್ಲ.

ಇದನ್ನು ಅಪ್ಪನಿಗೆ ಅಳುಕುತ್ತಾ ಹೇಳಿದೆ. ಮೂವತ್ತು ವರ್ಷದ ಸೇವೆಯಲ್ಲಿ ಅವರಿಗೆ ತಾಂತ್ರಿಕ ವಿಷಯವೊಂದು ಇಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲಿರಬೇಕು.

"ಅಂದರೆ ಆ ಹೊಸಬ ಪ್ರಭಾರದಲ್ಲಿದ್ದ."

"ಹೂಂ ಅಪ್ಪ."

"ಖಾಯಂ ಮುಖ್ಯೋಪಾಧ್ಯಾಯರು ಇದ್ದರು, ಆದರೆ ಪ್ರಭಾರ ಇವನ ಕೈಯಲ್ಲಿತ್ತು."

"ಹೂಂ."

"ಚಾರ್ಜ್ ಲಿಸ್ಟ್ ಬರೆಸಿಕೊಳ್ಳದೆ, ಬೀರುವಿನ ಬೀಗದ ಕೈ ವಾಪಸು ತೆಗೆದುಕೊಳ್ಳದೆ ಅವನನ್ನು ಬಿಡುಗಡೆ ಮಾಡಿಬಿಟ್ಟೆ. ಅದೂ ಸಾಲದೆಂದು ಕೊಂದೂಬಿಟ್ಟೆ." ಅಪ್ಪ ಕನ್ನಡಕ ಹಾಕಿಕೊಂಡರು. "ನಮ್ಮ ಇಲಾಖೆಯಲ್ಲಾಗಿದ್ದರೆ ನಿನಗೆ ನೋಟಿಸು ಕೊಡುತ್ತಿದ್ದರು ಕಣೋ."

ಕೈಪಿಡಿ ತೆಗೆದು ನೋಡಿದೆ. ಯಂತ್ರ ಏಳುವಾಗ ಪರದೆಯ ಎಡಮೂಲೆಯಲ್ಲಿ ಒಂದು ಪುಟ್ಟ ಬಿಳಿ ಚೌಕ ಮಿನುಗುತ್ತದೆ. ಅದು ಕಂಡ ಕ್ಷಣದಲ್ಲಿ ಆಲ್ಟ್ ಮತ್ತು ಎಫ್1 ಒಟ್ಟಿಗೆ ಒತ್ತಿದರೆ ಚೇತರಿಕೆಯ ಮೆನು ಬರುತ್ತದೆ. ಬೇಗ ಒತ್ತಿದರೂ ಇಲ್ಲ, ತಡವಾದರೂ ಇಲ್ಲ. ಎರಡು ಸಲ ತಪ್ಪಿದೆ. ಮೂರನೆಯ ಸಲ ಅಪ್ಪ ಪರದೆಗೆ ಮೂಗು ತಾಗಿಸಿ ನಿಂತು, ಓಟದ ಪಂದ್ಯಕ್ಕೆ ಸೀಟಿ ಊದುವವರ ದನಿಯಲ್ಲಿ "ಈಗ!" ಎಂದು ಕೂಗಿದರು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು. ಮೆನು ಬಂತು.

ಅಲ್ಲಿ ಹಿಂದಿನ ಮೂರು ದಾಖಲೆಗಳವರೆಗೆ ಯಾವುದನ್ನು ಬೇಕಾದರೂ ಮರಳಿ ತರಬಹುದಿತ್ತು, ಪ್ರತಿ ಸಲ ಯಂತ್ರ ಏಳುವಾಗ ಡೆಸ್ಕ್‌ಟಾಪಿನ ಪ್ರತಿ ತೆಗೆದಿಡು ಎಂದು ನಾನು ಮೊದಲೇ ಹೇಳಿದ್ದರೆ. ಅದಕ್ಕೊಂದು ಚೌಕದಲ್ಲಿ ಗುರುತು ಹಾಕಬೇಕಿತ್ತು. ಯಂತ್ರ ಏಳುವುದು ತಡವಾಗುತ್ತದೆಂದು ನಾನು ಹಾಕಿರಲಿಲ್ಲ. ಉಳಿದದ್ದು 'ಎಕ್ಸ್' ಒಂದೇ, ಎಂದರೆ ಪ್ರತಿಷ್ಠಾಪನೆಯ ದಿನದ ಡೆಸ್ಕ್‌ಟಾಪ್. ಒತ್ತಿದೆ. ಒಂದೂವರೆ ವರ್ಷದ ಹಿಂದಿನ ಸಂಜೆ ಪರದೆಯ ಮೇಲೆ ಬಂದು ನಿಂತಿತು. ನಾನು ಬದಲಿಸಿದ ಬಣ್ಣ, ಜೋಡಿಸಿದ ಸಾಲು, ಇಟ್ಟ ಹೆಸರು, ಒಂದೂ ಇಲ್ಲ.

"ನನ್ನ ಕಾಗದ?" ಎಂದರು ಅಪ್ಪ.

ಕಾಗದಕ್ಕೆ ದೇಹವಿತ್ತು, ಹಿರಿಯ ಮಗನ ಸಂತಾನ. ಆಜ್ಞೆಯ ಪರದೆಯಲ್ಲಿ ಡಿಸ್ಕನ್ನು ಜಾಲಾಡಿದಾಗ ನಾಲ್ಕು ಕರಡುಗಳೂ ಸಿಕ್ಕವು. ಕಡತಗಳನ್ನು ಜೋಡಿಸಿಡುವ ಹಳೆಯ ಫ್ಯಾಟ್ ಪದ್ಧತಿಯ ಡಿಸ್ಕಿನಲ್ಲಿ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರು. ನಾವಿಟ್ಟ ಉದ್ದನೆಯ ಹೆಸರುಗಳು ತುಂಡಾಗಿ, ಯಾವುದು ವಿನಯದ ಕರಡು, ಯಾವುದು ವ್ಯಾಕರಣದ್ದು ಎಂದು ತೆರೆದು ನೋಡದೆ ಗೊತ್ತಾಗುವಂತಿರಲಿಲ್ಲ. ಅಪ್ಪನ ಅವಸರಕ್ಕೆ ಮೊದಲು ಸಿಕ್ಕದ್ದನ್ನು ಮುದ್ರಿಸಿದೆ. ಡಾಟ್ ಮ್ಯಾಟ್ರಿಕ್ಸ್ ಕಿರಗುಟ್ಟಿ ಕಾಗದ ಉಗುಳಿತು. ಅಪ್ಪ ಓದದೆಯೇ ಸಹಿ ಹಾಕಿ ಹೊರಟರು. ಅವರು ಗೇಟು ದಾಟಿದ ಮೇಲೆ ನಾನು ಓದಿದೆ. ನಾಲ್ಕನೆಯದು.

ಮಧ್ಯಾಹ್ನದವರೆಗೆ ಅಮ್ಮನೂ ನಾನೂ ಬಾಗಿಲ ಕಡೆ ನೋಡುತ್ತಾ ಕೂತೆವು. ಒಂದು ಗಂಟೆಗೆ ಅಪ್ಪ ಬಂದರು, ಕೈಯಲ್ಲಿ ಅರ್ಧ ಕೆ.ಜಿ. ಮೈಸೂರುಪಾಕು. ಮ್ಯಾನೇಜರು ಕಾಗದವನ್ನು ಎರಡು ಸಲ ಓದಿ, ಎದ್ದು ನಿಂತು, ತಾವೇ ರಿಜಿಸ್ಟರು ತರಿಸಿದರಂತೆ. ಅಪ್ಪನ ಜೀವಿತ ಪ್ರಮಾಣ ಪತ್ರ ಪಕ್ಕದ ಹಾಳೆಯಲ್ಲಿ, ಅವರದೇ ಹೆಸರಿನ ಇನ್ನೊಬ್ಬರ ಲೆಕ್ಕಕ್ಕೆ ಸೇರಿಹೋಗಿತ್ತು. ಆ ಇನ್ನೊಬ್ಬರು ಎರಡು ಪತ್ರಗಳ ಬಲದಿಂದ ಭರ್ಜರಿಯಾಗಿ ಬದುಕಿದ್ದರು.

"ನಿನ್ನ ಯಂತ್ರ ಪರವಾಗಿಲ್ಲಪ್ಪ, ಗಟ್ಟಿಯಾಗಿ ಬರೆಯುತ್ತದೆ" ಎಂದು ಅಪ್ಪ ನನ್ನ ಕುರ್ಚಿಯಲ್ಲೇ ಕೂತರು. ಉಳಿದ ಮೂರು ಕರಡುಗಳು ಇನ್ನು ಬೇಡವೆಂದರು. ಮೊದಲ ಬಾರಿಗೆ, ನಾನು ಹೇಳಿಕೊಡದೆಯೇ, ಬಲಗುಂಡಿ ಒತ್ತಿ ಒಂದೊಂದನ್ನೇ ಎಳೆದುಕೊಂಡು ಹೋಗಿ ಶ್ರೆಡರಿನ ಮೇಲೆ ಬಿಟ್ಟರು. ಖಂಡಿತವಾಗಿಯೂ ಅಳಿಸಬೇಕೇ ಎಂದು ಯಂತ್ರ ಮೂರು ಸಲ ಕೇಳಿತು.

"ಕೇಳಿ ಮಾಡುತ್ತದೆ ನೋಡು ಪಾಪ" ಎಂದು ನನ್ನ ಕಡೆ ತಿರುಗಿ ಹೇಳಿ, ಅಪ್ಪ ಮೂರು ಸಲವೂ ಹೌದು ಎಂದರು.