ಸಮತಟ್ಟಾದ ಜಾಗ ಬೇಕಾಗಿದೆ

ಫುಟ್‌ಪಾತ್ ಮೇಲೆ ನಡೆಯುವುದು ನಮ್ಮ ಮೂಲಭೂತ ಹಕ್ಕು. ಇದು ನಾನು ಹೇಳಿದ್ದಲ್ಲ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಸಂವಿಧಾನದ 21ನೇ ವಿಧಿಯಲ್ಲಿ ಬದುಕುವ ಹಕ್ಕು ಇದೆಯಲ್ಲ, ಅದರೊಳಗೇ ಇದೂ ಬರುತ್ತದಂತೆ. ಪೇಪರಿನಲ್ಲಿ ಓದಿ ಎಲ್ಲರೂ ಖುಷಿಪಟ್ಟೆವು. ಆಮೇಲೆ ಪೇಪರ್ ಮಡಿಸಿಟ್ಟು, ಹಾಲು ತರಲು ಎಂದಿನಂತೆ ನಡುರಸ್ತೆಯಲ್ಲಿ ನಡೆದುಕೊಂಡು ಹೋದೆವು.

ಆ ತೀರ್ಪು ಈಗ ಯಾಕೆ ನೆನಪಾಯಿತು ಅಂದರೆ, ನನ್ನ ಎಡಗಾಲು ಉಳುಕಿದೆ. ಎಲ್ಲಿ ಬಿದ್ರಿ, ಹೇಗೆ ಬಿದ್ರಿ ಅಂತ ಕೇಳಬೇಡಿ. ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ನನಗೇ ಬೇಜಾರಾಗಿ, ಕೊನೆಕೊನೆಗೆ ಕಥೆಯಲ್ಲಿ ಒಂದು ಬೀದಿನಾಯಿಯನ್ನೂ ಸೇರಿಸಿಬಿಟ್ಟಿದ್ದೆ. ಪಾದ ಒಳಮುಖವಾಗಿ ಮಡಚಿಕೊಂಡಿತು, ಲಟಕ್ ಅಂತ ಸದ್ದು ಬಂತು. ಅಷ್ಟು ಸಾಕು. ಸಂಜೆಯ ಹೊತ್ತಿಗೆ ಹೊರಗಿನ ಗಿಣ್ಣು ಗುಂಡು ಬದನೆಕಾಯಿ ಥರ ಊದಿ, ಬಣ್ಣವೂ ಅದೇ ಆಯಿತು.

ಡಾಕ್ಟರು ಗಿಣ್ಣಿನ ಸುತ್ತ ಮೂಳೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. "ಕಾಲೂರಿ ನಾಲ್ಕು ಹೆಜ್ಜೆ ಹಾಕಿ ನೋಡೋಣ" ಅಂದರು. ಇದಕ್ಕೂ ಒಂದು ಲೆಕ್ಕ ಇದೆ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಹೊರತಂದ ನಿಯಮ ಅದು. ಮೂಳೆಯ ಗೊತ್ತಾದ ಜಾಗಗಳನ್ನು ಒತ್ತಿದಾಗ ನೋವಿಲ್ಲದಿದ್ದರೆ, ನಾಲ್ಕು ಹೆಜ್ಜೆ ಹಾಕಲು ಆದರೆ, ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ, ಎಕ್ಸ್‌ರೇ ಬೇಕಿಲ್ಲ. ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ಹಾಕಿದೆ. ಅವರ ಕೋಣೆಯ ನೆಲ ಎಷ್ಟು ಸಮವಾಗಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ. ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಸ್ವಲ್ಪ ಹರಿದಿದೆ, ಮೂಳೆಗೆ ಏನೂ ಆಗಿಲ್ಲ ಅಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿ, ಊತ ಇಳಿದ ಮೇಲೆ ಫಿಸಿಯೋ ಹತ್ತಿರ ಹೋಗಿ ಅಂತ ಕಳಿಸಿದರು.

ಊತ ಇಳಿಯುವವರೆಗೆ ಮನೆಯಲ್ಲಿ ಕೂತರೆ ಏನಾಗುತ್ತದೆ ಗೊತ್ತಲ್ಲ. ಊರಿನ ಅರ್ಧ ಜನ ಮೂಳೆ ತಜ್ಞರಾಗುತ್ತಾರೆ. ಒಬ್ಬರು ಐಸ್ ಇಡಿ ಅಂದರು. ಅವರ ಹೆಂಡತಿ ಅಲ್ಲೇ, ಅದೇ ಸೋಫಾದಲ್ಲಿ ಕೂತು, ಐಸ್ ಬೇಡವೇ ಬೇಡ, ಉಪ್ಪಿನ ಶಾಖ ಕೊಡಿ ಅಂದರು. ಇಬ್ಬರೂ ನನ್ನ ಕಾಲು ಮರೆತು ತಮ್ಮೊಳಗೇ ಜಗಳಕ್ಕೆ ಬಿದ್ದರು. ಹಳೇ ಜಗಳದ ವಾಸನೆ ಹೊಡೆಯುತ್ತಿತ್ತು. ಪಾಪ, ಅವರದೇನೂ ತಪ್ಪಿಲ್ಲ. ವಿಶ್ರಾಂತಿ, ಐಸ್, ಬಿಗಿಯಾದ ಪಟ್ಟಿ, ಕಾಲು ಎತ್ತರದಲ್ಲಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜಗತ್ತಿಗೆ ಕೊಟ್ಟವರು ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು. ಎಷ್ಟೋ ವರ್ಷ ಆದಮೇಲೆ, ಐಸ್‌ನಿಂದ ವಾಸಿಯಾಗುವುದು ತಡವಾಗಬಹುದು ಅಂತ ಅವರೇ ಮಾತು ಬದಲಿಸಿದರು. ಸೂತ್ರ ಕೊಟ್ಟವರೇ ಪಕ್ಷಾಂತರ ಮಾಡಿದ ಮೇಲೆ ನಮ್ಮ ಸೋಫಾದ ಗತಿ ಏನು?

ಇನ್ನೊಬ್ಬರು ಪುತ್ತೂರು ಕಟ್ಟು ಹಾಕಿಸಿ ಅಂದರು. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ್ದು. ಮೂಳೆ ಮುರಿದಿಲ್ಲ ಸ್ವಾಮಿ ಅಂದರೆ, "ಮುರಿದಿಲ್ಲ ಅಂತ ಅವರಿಗೇನು ಗೊತ್ತು?" ಅಂದರು. ಕೆಳಗಿನ ಮನೆ ಅಜ್ಜಿಯದು ಇನ್ನೂ ಸುಲಭದ ಚಿಕಿತ್ಸೆ. ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಒಂದು ಸಲ ತುಳಿದರೆ ಉಳುಕು ಬಿಡುತ್ತದೆ. ಅದು ಸೊಂಟದ ಉಳುಕಿಗಲ್ವಾ ಅಜ್ಜಿ ಅಂದೆ. "ಉಳುಕು ಉಳುಕೇ ಕಣೋ" ಅಂದರು. ಪುಣ್ಯಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ತಲೆ ಮುಂದಾಗಿಯೇ ಹುಟ್ಟಿದವರು.

ಆಮೇಲೆ ಫಿಸಿಯೋ. ಚಿಕ್ಕ ವಯಸ್ಸಿನ ಹುಡುಗಿ, ಬಹಳ ಶ್ರದ್ಧೆ. ಮೊದಲು ಹೇಳಿಕೊಟ್ಟ ವ್ಯಾಯಾಮ ಏನೆಂದರೆ, ಮಂಚದ ತುದಿಯಿಂದ ಪಾದ ಇಳಿಬಿಟ್ಟು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಎ ಬಿ ಸಿ ಡಿ ಅಂದಳು. ಕನ್ನಡದಲ್ಲಿ ಬರೆಯಬಹುದಾ ಅಂತ ಕೇಳಿದೆ. ಇನ್ನೂ ಒಳ್ಳೇದು ಸರ್, ಜಾಸ್ತಿ ತಿರುಗುತ್ತೆ ಅಂದಳು. ಮನೆಗೆ ಬಂದು ಶುರು ಮಾಡಿದೆ. ಅ, ಆ ಸುಖವಾಗಿ ಹೋಯಿತು. 'ಋ'ಗೆ ಬೆವರು ಬಂತು. 'ಝ' ಬರೆಯುವಾಗ ಪಾದ ಎಲ್ಲೆಲ್ಲಿ ತಿರುಗಬೇಕೋ ಅಲ್ಲೆಲ್ಲ ತಿರುಗಿತು. ಅಷ್ಟರಲ್ಲಿ ಅಮ್ಮ ಬಂದು ನೋಡಿದರು.

"ಏನೋ ಮಾಡ್ತಿದ್ದೀಯಾ?"

"ಅಕ್ಷರ ಬರೀತಿದ್ದೀನಮ್ಮ, ವ್ಯಾಯಾಮ."

"ಸರಸ್ವತೀನ ಕಾಲಲ್ಲಿ ಬರೀತೀಯಾ?"

ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಪದ್ಧತಿ. ಗಾಳಿಯಲ್ಲಿ ಬರೆದ ಅಕ್ಷರವನ್ನು ಕಣ್ಣಿಗೆ ಒತ್ತಿಕೊಳ್ಳುವುದಾದರೂ ಹೇಗೆ? ಕೊನೆಗೆ ಅಮ್ಮನೇ ತೀರ್ಪು ಕೊಟ್ಟರು: "ಇಂಗ್ಲಿಷಲ್ಲಿ ಬರಿ. ಅದಕ್ಕೇನೂ ಆಗಲ್ಲ." ಅಂದಿನಿಂದ ನಮ್ಮ ಮನೆಯಲ್ಲಿ ಕೈಬರಹ ಕನ್ನಡ, ಕಾಲ್ಬರಹ ಇಂಗ್ಲಿಷ್. ಭಾಷಾ ನೀತಿ ಬಗ್ಗೆ ಸಮಿತಿ ಮಾಡುವವರು ಒಮ್ಮೆ ಅಮ್ಮನನ್ನು ಕೇಳಬಹುದು.

ವಿಷಯಕ್ಕೆ ಬರೋಣ. ಎರಡನೇ ಭೇಟಿಯಲ್ಲಿ ಫಿಸಿಯೋ ಚೀಟಿಯಲ್ಲಿ ಬರೆದುಕೊಟ್ಟಳು: ದಿನಾ ಅರ್ಧ ಗಂಟೆ, ಸಮತಟ್ಟಾದ ಜಾಗದಲ್ಲಿ ನಡೆಯಿರಿ.

ಮೆಡಿಕಲ್ ಶಾಪಿನಲ್ಲಿ ಎಲ್ಲ ಸಿಗುತ್ತದೆ. ನೋವಿನ ಮುಲಾಮು, ಆಂಕಲ್ ಬ್ರೇಸ್, ಊರುಗೋಲು. ಸಮತಟ್ಟಾದ ಜಾಗ ಬೆಂಗಳೂರಿನಲ್ಲಿ ಯಾವ ಶಾಪಿನಲ್ಲಿ ಸಿಗುತ್ತದೆ?

ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇದೆ. ಇಲ್ಲ ಅಂತ ಹೇಳಿದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಮೊದಲನೇ ಮನೆಯವರು ಕಾರು ಹತ್ತಿಸಲು ಇಳಿಜಾರು ಮಾಡಿಸಿ ಅದಕ್ಕೆ ಗ್ರಾನೈಟ್ ಹಾಕಿಸಿದ್ದಾರೆ. ಫಳಫಳ ಹೊಳೆಯುತ್ತದೆ, ಮಳೆ ಬಂದರೆ ಜಾರುಬಂಡೆ. ಎರಡನೆಯವರದು ಅದಕ್ಕಿಂತ ಮುಕ್ಕಾಲು ಅಡಿ ಎತ್ತರ, ಯಾಕೆಂದರೆ ವಾಸ್ತು. ಮೂರನೆಯವರು ಗೇಟಿನ ಆಚೆಗೂ ತೋಟ ಬೆಳೆಸಿ ತಂತಿ ಬೇಲಿ ಹಾಕಿದ್ದಾರೆ. ಒಳಗೆ ಕರಿಬೇವು, ದಾಸವಾಳ, ಒಂದು ತುಳಸಿ. ತುಳಸಿ ಇರುವುದರಿಂದ ಯಾರೂ ಕೀಳಿಸುವ ಹಾಗಿಲ್ಲ. ನಾಲ್ಕನೇ ಮನೆಯ ಮುಂದೆ ಜಲ್ಲಿ, ಎಂ-ಸ್ಯಾಂಡ್. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಕಾಲಬುಡದಲ್ಲಿ ಎಳನೀರಿನ ಬುರುಡೆಗಳ ರಾಶಿ, ಮೇಲಿಂದ ಕುತ್ತಿಗೆಯ ಎತ್ತರಕ್ಕೆ ಇಳಿಬಿದ್ದ ಕೇಬಲ್ ಸುರುಳಿ. ಆಮೇಲೆ ಚರಂಡಿ ಮೇಲಿನ ಚಪ್ಪಡಿಗಳು. ಒಂದು ಮೂಲೆಗೆ ಕಾಲಿಟ್ಟರೆ ಇನ್ನೊಂದು ಮೂಲೆ ಏಳುತ್ತದೆ, ಟಕ್. ರಾತ್ರಿ ಮಲಗಿದಲ್ಲಿಂದಲೇ ಯಾರು ಎಲ್ಲಿ ಹೋಗುತ್ತಿದ್ದಾರೆ ಅಂತ ಹೇಳಬಹುದು.

ಪುಸ್ತಕದಲ್ಲಿ ಎಲ್ಲ ಚೆನ್ನಾಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪಾದಚಾರಿಗಳಿಗಾಗಿಯೇ ಮಾರ್ಗಸೂಚಿ ಮಾಡಿದೆ. ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಂದರೆ ಸುಮಾರು ಅರ್ಧ ಅಡಿ. ಇದನ್ನು ಓದಿ ಟೇಪ್ ಹಿಡಿದು ಬೀದಿಗೆ ಹೋದೆ. ಒಂದು ಕಡೆ ಅಂಚು ಮೊಣಕಾಲಿನ ಹತ್ತಿರ ಬಂತು. ಅಳೆಯುತ್ತಿರುವುದನ್ನು ನೋಡಿ ಆ ಮನೆಯವರು ಗಾಬರಿಯಿಂದ ಹೊರಗೆ ಬಂದು, "ರಸ್ತೆ ಅಗಲ ಮಾಡ್ತಾರಾ ಸರ್?" ಅಂತ ಕೇಳಿದರು. ಇಲ್ಲ, ಫುಟ್‌ಪಾತ್ ನೋಡ್ತಿದ್ದೀನಿ ಅಂದೆ. ಅವರಿಗೆ ಸಮಾಧಾನ ಆಯಿತು, ಒಳಗೆ ಹೋದರು.

ಮುಖ್ಯರಸ್ತೆ ದಾಟಲು ನಮ್ಮ ನಗರದಲ್ಲಿ ಸ್ಕೈವಾಕ್‌ಗಳಿವೆ. ಎಂಥಾ ಯೋಚನೆ ನೋಡಿ! ಎಂಜಿನ್ ಇರುವವನು ಎರಡು ನಿಮಿಷ ನಿಲ್ಲಬಾರದು, ಅದಕ್ಕಾಗಿ ಮೊಣಕಾಲು ನೋವಿನವರು ಮೂರು ಮಹಡಿ ಹತ್ತಿ ಇಳಿಯಬೇಕು. ಲಿಫ್ಟ್ ಇದೆ. ಲಿಫ್ಟಿಗೆ ಬೀಗವೂ ಇದೆ. ಮೇಲೆ ದೊಡ್ಡ ಜಾಹೀರಾತು ಫಲಕ, ಅದಕ್ಕೆ ಮಾತ್ರ ರಾತ್ರಿಯಿಡೀ ಲೈಟು.

ದೂರು ಕೊಡಬಹುದಲ್ಲ ಅಂತೀರಾ. ಕೊಡಬಹುದು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆ. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮೊದಲು "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಹೇಳಲು ಒಂದೇ ಕಚೇರಿ ಇತ್ತು. ಈಗ ಆಯ್ಕೆ ಇದೆ.

ಆದರೆ ದೊಡ್ಡ ಯೋಜನೆ ಇರುವಾಗ ಸಣ್ಣ ಮಾತು ಆಡಬಾರದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ. ಸುಮಾರು 17 ಕಿಲೋಮೀಟರ್, ಸರ್ಕಾರದ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಕಾಲು ಮೇಲಿಟ್ಟು ಕೂತವನಿಗೆ ಲೆಕ್ಕ ಹಾಕುವುದಕ್ಕೆ ಬೇಕಾದಷ್ಟು ಟೈಮು. ಮೀಟರಿಗೆ ಒಂದು ಕೋಟಿ ಆಯಿತು. ಗಟ್ಟಿಮುಟ್ಟಾದ ಮನುಷ್ಯನ ಒಂದು ಹೆಜ್ಜೆ ಅಂದರೆ ಹತ್ತಿರ ಹತ್ತಿರ ಎಪ್ಪತ್ತು ಲಕ್ಷ. ನನ್ನಂಥ ಕುಂಟನ ಹೆಜ್ಜೆ ಚಿಕ್ಕದು, ನಲವತ್ತು ಲಕ್ಷದಲ್ಲಿ ಮುಗಿಸಬಹುದು. ಆ ಸುರಂಗದ ಒಳಗೆ ನೆಲ ಎಷ್ಟು ಸಮವಾಗಿರುತ್ತದೋ! ಫಿಸಿಯೋ ಚೀಟಿಗೆ ಹೇಳಿ ಮಾಡಿಸಿದ ಜಾಗ. ಆದರೆ ನಡೆಯುವವರನ್ನು ಒಳಗೆ ಬಿಡುವುದಿಲ್ಲ.

ಇದು ಕಾರಿದ್ದವರಿಗೆ ಮಾತ್ರ ಅಲ್ವಾ ಅಂತ ಸಂಸದ ತೇಜಸ್ವಿ ಸೂರ್ಯ ಆಕ್ಷೇಪ ಎತ್ತಿದ್ದಕ್ಕೆ, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ ಎಂಬರ್ಥದಲ್ಲಿ ಡಿ.ಕೆ. ಶಿವಕುಮಾರ್ ಉತ್ತರ ಕೊಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ತುಂಬ ಜನ ನಕ್ಕರು. ನಾನು ಒಪ್ಪಿಕೊಂಡೆ. ಜಾತಕ ತಂದವರು ಸಂಬಳ ಕೇಳುತ್ತಾರೆ, ಸೈಟ್ ಕೇಳುತ್ತಾರೆ, ಕಾರು ಕೇಳುತ್ತಾರೆ. ಹುಡುಗನಿಗೆ ನಡೆಯಲು ಬರುತ್ತದಾ ಅಂತ ಯಾರೂ ಕೇಳಿದ್ದು ನಾನಂತೂ ನೋಡಿಲ್ಲ. ಇನ್ನು ಆ ಕಾರನ್ನು ರಾತ್ರಿ ನಿಲ್ಲಿಸುವುದು ಎಲ್ಲಿ? ಫುಟ್‌ಪಾತ್ ಮೇಲೆ. ಹಾಗಾದರೆ ಫುಟ್‌ಪಾತ್ ಇಲ್ಲದಿದ್ದರೆ ಈ ಊರಿನಲ್ಲಿ ಮದುವೆಗಳೇ ನಡೆಯುವುದಿಲ್ಲ. ಇಷ್ಟು ದೊಡ್ಡ ಸಾಮಾಜಿಕ ಜವಾಬ್ದಾರಿ ಹೊತ್ತ ಕಲ್ಲುಚಪ್ಪಡಿಯನ್ನು ತುಳಿಯಬೇಕು ಅಂತ ನಾವು ಹಠ ಮಾಡುವುದು ಸರಿಯಲ್ಲ.

ಸಾಕು. ತಮಾಷೆ ಮಾಡಿ ಮಾಡಿ ನನಗೂ ಸುಸ್ತಾಗಿದೆ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32 ಸಾವಿರಕ್ಕೂ ಜಾಸ್ತಿ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಇವರು ಕುಡಿದು ಗಾಡಿ ಓಡಿಸಿದವರಲ್ಲ, ಹೆಲ್ಮೆಟ್ ಹಾಕದೆ ಹೋದವರಲ್ಲ. ಸುಮ್ನೆ ನಡೆದುಕೊಂಡು ಹೋಗುತ್ತಿದ್ದವರು. ತರಕಾರಿ ತರಲು, ಬಸ್ ಹಿಡಿಯಲು, ಮಗುವನ್ನು ಸ್ಕೂಲಿಗೆ ಬಿಡಲು. ಉಳುಕು ಮದ್ದು ಹೇಳಿದ ಕೆಳಗಿನ ಮನೆ ಅಜ್ಜಿ ಗೇಟು ದಾಟಿ ಎಷ್ಟು ಕಾಲ ಆಯಿತೋ. ಕಾಲು ಚೆನ್ನಾಗಿಯೇ ಇದೆ. ಬಿದ್ದರೆ ಸೊಂಟ ಮುರಿಯುತ್ತದೆ ಅಂತ ಭಯ, ಅಷ್ಟೇ. ಮೊದಲೆಲ್ಲ ಸಂಜೆ ದೇವಸ್ಥಾನಕ್ಕೆ ಹೋಗುತ್ತಿದ್ದರು. ಈಗ ಟಿವಿಯಲ್ಲಿ ಮಂಗಳಾರತಿ. ಗಾಲಿಕುರ್ಚಿಯವರನ್ನು, ಬಿಳಿಕೋಲು ಹಿಡಿದವರನ್ನು ನಮ್ಮ ಬೀದಿಯಲ್ಲಿ ನಾನು ನೋಡಿಯೇ ಇಲ್ಲ. ನಮ್ಮ ಬಡಾವಣೆಯಲ್ಲಿ ಅಂಥವರು ಇಲ್ಲ ಅಂದುಕೊಂಡಿದ್ದೆವು. ಇದ್ದಾರೆ, ಒಳಗಿದ್ದಾರೆ. ನನ್ನ ಕಾಲು ಒಂದಷ್ಟು ವಾರಕ್ಕೆ ಸರಿಹೋಗುತ್ತದೆ. ಆದರೆ ಈ ಫುಟ್‌ಪಾತ್ ನೋಡಿಕೊಳ್ಳಲು ಅಂತ ಯಾರೋ ಸಂಬಳ ತಗೊಳ್ಳುತ್ತಾರೆ, ಯಾರೋ ಬಿಲ್ ಪಾಸ್ ಮಾಡುತ್ತಾರೆ, ಹೊಸ ಕಲ್ಲು ಹಾಸಿ ಆರು ತಿಂಗಳಿಗೆ ಮತ್ತೆ ಅಗೆಯುತ್ತಾರೆ. ನಾಚಿಕೆ ಅನ್ನುವುದು ಯಾವ ಟೆಂಡರಿನಲ್ಲೂ ಇರುವುದಿಲ್ಲ.

ಮುಂಬೈಯವರ ಪುಣ್ಯ ನೋಡಿ. ಗುಂಡಿಗೆ ಬಿದ್ದು ಸತ್ತರೆ ಮನೆಯವರಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷ ಪರಿಹಾರ ಕೊಡಬೇಕು ಅಂತ ಬಾಂಬೆ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿತು. ಉಳುಕು ಯಾವ ಸ್ಲ್ಯಾಬಿಗೆ ಬರುತ್ತದೋ ನಾನು ಓದಲು ಹೋಗಲಿಲ್ಲ, ಆಸೆ ಹುಟ್ಟಿಬಿಟ್ಟೀತು.

ಒಳ್ಳೆ ಫುಟ್‌ಪಾತ್ ಇಲ್ಲವೇ ಇಲ್ಲ ಅಂತಲ್ಲ. ಚರ್ಚ್ ಸ್ಟ್ರೀಟ್ ಇದೆ. ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಫುಟ್‌ಪಾತ್ ಸಮೇತ ಹೊಸದಾಗಿ ಮಾಡಿದ ಕೆಲವು ರಸ್ತೆಗಳಿವೆ. ಅಲ್ಲಿಗೆ ಹೋಗಿ ನಡೆಯೋಣ ಅಂತ ಆಟೋ ಹತ್ತಿದೆ. ಡ್ರೈವರ್ ಎಲ್ಲಿಗೆ ಅಂದ. ಚರ್ಚ್ ಸ್ಟ್ರೀಟ್ ಅಂದೆ. ಏನ್ ಕೆಲಸ ಸಾರ್ ಅಂದ. ನಡೆಯೋದಕ್ಕೆ ಅಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಬ್ಯಾಂಡೇಜ್ ನೋಡಿದ, ಆಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಹೋಗಿ ಬರುವ ಖರ್ಚಿನಲ್ಲಿ ಇನ್ನೊಂದು ಫಿಸಿಯೋ ಸೆಷನ್ ಬರುತ್ತಿತ್ತು. ಹಾಗಾಗಿ ಈಗ ಹತ್ತಿರದ ಮಾಲ್. ನೆಲ ಕನ್ನಡಿ, ಲಿಫ್ಟ್ ಓಡುತ್ತದೆ, ಬೈಕ್ ಮೈಮೇಲೆ ಬರುವುದಿಲ್ಲ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ನನ್ನ ಹಾಗೇ ನಾಲ್ಕಾರು ಜನ ಸುತ್ತು ಹಾಕುತ್ತಿರುತ್ತಾರೆ. ಯಾರೂ ಏನೂ ಕೊಳ್ಳುವುದಿಲ್ಲ. ಸೆಕ್ಯುರಿಟಿಯವರು ನಮ್ಮನ್ನು ಅನುಮಾನದಿಂದ ನೋಡುತ್ತಾರೆ.

ಮೊನ್ನೆ ಫಿಸಿಯೋ ಕಾಲು ತಿರುಗಿಸಿ ನೋಡಿ, ಪರವಾಗಿಲ್ಲ ಸರ್, ಚೆನ್ನಾಗಿ ಆಗಿದೆ ಅಂದಳು. ಮುಂದಿನ ಹಂತ, ಅಲುಗಾಡುವ ಜಾಗದಲ್ಲಿ ನಿಂತು ಬ್ಯಾಲೆನ್ಸ್ ಮಾಡುವುದು. ಲಿಗಮೆಂಟ್ ಹರಿದಾಗ ಪಾದ ಎಲ್ಲಿದೆ, ಹೇಗಿದೆ ಎಂಬ ಅಂದಾಜು ತಪ್ಪಿರುತ್ತದೆ, ಅದನ್ನು ಮತ್ತೆ ಕಲಿಸದಿದ್ದರೆ ಅದೇ ಕಾಲು ಪದೇ ಪದೇ ಉಳುಕುತ್ತದೆ. "ವಾಬಲ್ ಬೋರ್ಡ್ ಅಂತ ಬರುತ್ತೆ ಸರ್, ಕೆಳಗಡೆ ಗುಂಡಗೆ ಇರುತ್ತೆ, ನಿಂತರೆ ಆ ಕಡೆ ಈ ಕಡೆ ವಾಲುತ್ತೆ. ಆನ್‌ಲೈನಲ್ಲಿ ಸಿಗುತ್ತೆ."

ನಮ್ಮ ಬೀದಿಯಲ್ಲೇ ಅಂಥವು ಸಾಲಾಗಿ ಇವೆಯಲ್ಲಮ್ಮ, ಕಾಸು ಕೊಟ್ಟು ಯಾಕೆ ತರಿಸಬೇಕು ಅಂದೆ. ಅವಳಿಗೆ ತಕ್ಷಣ ಅರ್ಥ ಆಗಲಿಲ್ಲ. ಅರ್ಥ ಆದಮೇಲೆ ಜೋರಾಗಿ ನಕ್ಕಳು. ನಗುತ್ತಲೇ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು, ಆಮೇಲೆ ಅಂದಳು: "ಒಂದ್ನಿಮಿಷ ಸರ್, ಬಂದೆ. ಎಲ್ಲೂ ಜಾಗ ಇಲ್ಲ ಅಂತ ಸ್ಕೂಟಿ ಫುಟ್‌ಪಾತ್ ಮೇಲೆ ಹಾಕಿದ್ದೆ. ಯಾರೋ ಅಜ್ಜ ದಾಟಕ್ಕಾಗದೆ ಕೂಗ್ತಿದ್ದಾರೆ."